ವಾಲರ್ ಹಳ್ಳದ ಬಿಸಿಲುಗಳ್ಳ

ಅಮೆರಿಕದ ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್. 1839ರಲ್ಲಿ ಈ ನಗರದ ನಕ್ಷೆ ಸಿದ್ಧವಾದಾಗ ಎರಡು ಹಳ್ಳಗಳೇ ಅದರ ಎಲ್ಲೆಗಳಾಗಿದ್ದವು. ಪಶ್ಚಿಮಕ್ಕೆ ಶೋಲ್, ಪೂರ್ವಕ್ಕೆ ವಾಲರ್. ಮೊದಲ ಮೇಯರ್ ಎಡ್ವಿನ್ ವಾಲರ್ ಅವರ ಹೆಸರು ಹೊತ್ತ ಎರಡನೆಯ ಹಳ್ಳ, ಟೆಕ್ಸಾಸ್ ವಿಶ್ವವಿದ್ಯಾಲಯದ ಆವರಣವನ್ನು ಹಾದು ದಕ್ಷಿಣದ ಲೇಡಿ ಬರ್ಡ್ ಸರೋವರವನ್ನು ಸೇರುತ್ತದೆ. ಬೇಸಿಗೆಯಲ್ಲಿ ಇಲ್ಲಿ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು.

ನೋಡಲು ಸಾಧಾರಣವಾದ ಈ ಹಳ್ಳಕ್ಕೆ ಜೀವವಿಜ್ಞಾನದಲ್ಲಿ ದೊಡ್ಡ ಹೆಸರಿದೆ. 1950ರ ದಶಕದ ಆರಂಭದಲ್ಲಿ ಇದರ ನೀರಿನಿಂದ ಒಂದು ನೀಲಿ-ಹಸಿರು ಪಾಚಿಯನ್ನು ಬೇರ್ಪಡಿಸಲಾಯಿತು. ಹೆಸರಿಗೆ ಪಾಚಿಯಾದರೂ ಇದು ಏಕಕೋಶದ ಬ್ಯಾಕ್ಟೀರಿಯ. ಗಿಡಗಳಂತೆ ಬಿಸಿಲಿನಿಂದಲೇ ಆಹಾರ ತಯಾರಿಸಿಕೊಳ್ಳುತ್ತದೆ. 41 ಡಿಗ್ರಿ ಶಾಖದಲ್ಲಿ ಇದು ಸುಮಾರು ಎರಡೇ ಗಂಟೆಯಲ್ಲಿ ಇಮ್ಮಡಿಯಾಗುತ್ತದೆ ಎಂದು 1955ರಲ್ಲಿ ಕ್ರಾಟ್ಜ್ ಮತ್ತು ಮೈಯರ್ಸ್ ವರದಿ ಮಾಡಿದರು.

ಕಳೆದುಹೋದ ಗುಣ

ಈ ತಳಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಟಾರ್ ಅವರು ಕಟ್ಟಿದ್ದ ಪಾಚಿ ಸಂಗ್ರಹವನ್ನು ಸೇರಿತು. 1976ರಲ್ಲಿ ಇಡೀ ಸಂಗ್ರಹವೇ ಆಸ್ಟಿನ್‌ಗೆ ಬಂದಾಗ ಹಳ್ಳದ ಕೂಸು ತವರಿಗೆ ಮರಳಿದಂತಾಯಿತು. ಆದರೆ ಕಾಲಾಂತರದಲ್ಲಿ ಅದರ ಆ ವೇಗ ಮಾಯವಾಗಿತ್ತು. ಪ್ರಯೋಗಾಲಯದ ಮಂದ ಬೆಳಕಿನಲ್ಲಿ ಬಿಸಿಲು ತಡೆಯುವ ಗುಣಕ್ಕೆ ಬೆಲೆಯಿಲ್ಲ; ಅದಿಲ್ಲದ ಕೋಶಗಳೂ ಸುಖವಾಗಿ ಉಳಿದುಬಿಡುತ್ತವೆ.

ಉಪಾಯ ದೊರೆತದ್ದು ಶೈತ್ಯದಲ್ಲಿ. ಹೆಪ್ಪುಗಟ್ಟಿಸಿ ಕಾಪಾಡಿದ್ದ ಹಳೆಯ ಮಾದರಿಯಿಂದ ವೇಗದ ಕೋಶಗಳನ್ನು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಿಮಾದ್ರಿ ಪಾಕ್ರಾಸಿ ಅವರ ತಂಡ ಹೆಕ್ಕಿ ತೆಗೆಯಿತು. 2015ರಲ್ಲಿ ಪ್ರಕಟವಾದ ಈ ತಳಿ ಯುಟೆಕ್ಸ್ 2973, ತಕ್ಕ ಬೆಳಕು ಮತ್ತು ಇಂಗಾಲದ ಡೈಆಕ್ಸೈಡ್ ಸಿಕ್ಕರೆ 1.9 ಗಂಟೆಯಲ್ಲಿ ಇಮ್ಮಡಿಯಾಗುತ್ತದೆ. ವಿಜ್ಞಾನಿಗಳು ಬಹುಕಾಲದಿಂದ ಬಳಸುತ್ತಿದ್ದ ಅದರ ಸೋದರ ತಳಿ ಪಿಸಿಸಿ 7942 ನಿಧಾನಿ; ಬಿರುಬಿಸಿಲೂ ಅದಕ್ಕೆ ಆಗಿಬರದು. ಸುಮಾರು 27 ಲಕ್ಷ ಅಕ್ಷರಗಳ ಡಿಎನ್‌ಎಯಲ್ಲಿ ಇವೆರಡರ ನಡುವೆ ಕಂಡ ಸಣ್ಣ ವ್ಯತ್ಯಾಸಗಳು ಬರೀ 55!

ಒಂದೇ ಅಕ್ಷರದ ಮಹಿಮೆ

ಅವುಗಳಲ್ಲಿ ಒಂದರ ಬೆನ್ನುಹತ್ತಿದವರು ಚೀನಾದ ಚಿಂಗ್‌ದಾವೊ ನಗರದ ವಿಜ್ಞಾನಿಗಳು. ಕೋಶದ ಶಕ್ತಿನಾಣ್ಯವಾದ ಎಟಿಪಿಯನ್ನು ತಯಾರಿಸುವ ಕಿಣ್ವವೊಂದಿದೆ. ಗಿರಣಿಯ ಚಕ್ರದಂತೆ ತಿರುಗುತ್ತಾ ಅದು ಕೆಲಸ ಮಾಡುತ್ತದೆ. ಅದರ ಒಂದು ಭಾಗದಲ್ಲಿ 252ನೆಯ ಸ್ಥಾನದಲ್ಲಿ ಸಿಸ್ಟೀನ್ ಬದಲು ಟೈರೋಸಿನ್ ಎಂಬ ಅಮೈನೊ ಆಮ್ಲ ಕುಳಿತರೆ ಸಾಕು, 7942 ತಳಿಯೂ ಹೆಚ್ಚು ಶಾಖ, ಪ್ರಖರ ಬೆಳಕು ಎರಡನ್ನೂ ತಾಳಿಕೊಳ್ಳುತ್ತದೆಂದು 2018ರಲ್ಲಿ ಅವರು ತೋರಿಸಿದರು. ಇದಕ್ಕೆ ಡಿಎನ್‌ಎಯ ಒಂದೇ ಅಕ್ಷರ ಬದಲಾದರಾಯಿತು. ಹಾಗೆ ಬದಲಾದ ತಳಿಯಲ್ಲಿ ಎಟಿಪಿ ಹೆಚ್ಚಾಗುತ್ತದೆ. ಅತಿಯಾದ ಬೆಳಕು ದ್ಯುತಿಸಂಶ್ಲೇಷಣೆಯ ಯಂತ್ರವನ್ನೇ ಕೆಡಿಸುತ್ತದೆ. ಅದರ ದುರಸ್ತಿಗೆ ಶಕ್ತಿ ಬೇಕೇ ಬೇಕು.

ವಿದ್ಯಾರ್ಥಿಗಳು ಒಂದು ಮಾತನ್ನು ಗಮನಿಸಬೇಕು. ಬಿಸಿಲು ಏರಿತೆಂದು ಬ್ಯಾಕ್ಟೀರಿಯ ಬೇಕೆಂದೇ ತನ್ನ ಅಕ್ಷರ ತಿದ್ದಿಕೊಳ್ಳುವುದಿಲ್ಲ. ನಕಲು ಮಾಡುವಾಗ ಆಕಸ್ಮಿಕವಾಗಿ ಅಕ್ಷರ ತಪ್ಪುತ್ತದೆ. ಅದು ಪರಿಸರಕ್ಕೆ ಒಗ್ಗಿದರೆ ಉಳಿಯುತ್ತದೆ. ಇದೇ ಉತ್ಪರಿವರ್ತನೆ ಮತ್ತು ನಿಸರ್ಗದ ಆಯ್ಕೆ. ಬಯಲಿನ ಕೊಳಗಳಲ್ಲಿ ಬಿಸಿಲಿನ ಬಲದಿಂದಲೇ ಇಂಧನ, ಸಕ್ಕರೆಯಂಥ ವಸ್ತುಗಳನ್ನು ತಯಾರಿಸುವ ಕನಸಿಗೆ ಇಂಥ ಗಟ್ಟಿ ತಳಿಗಳೇ ಆಧಾರ.

ಹಳ್ಳದ ಕತೆಯೂ ಸುಗಮವಾಗಿರಲಿಲ್ಲ. 1969ರಲ್ಲಿ ಕ್ರೀಡಾಂಗಣ ವಿಸ್ತರಣೆಗಾಗಿ ದಡದ ಮರಗಳನ್ನು ಕಡಿಯಲು ಹೊರಟಾಗ ವಿದ್ಯಾರ್ಥಿಗಳು ಮರವೇರಿ ಕುಳಿತರು, ಬಂಧನಕ್ಕೂ ಒಳಗಾದರು. ಆದರೂ ಮರಗಳು ಉರುಳಿದವು. ಇಂದು ಪ್ರವಾಹದ ನೀರನ್ನು ನೆಲದಡಿಯ ಸುರಂಗ ಹೊತ್ತೊಯ್ಯುತ್ತದೆ. ದಡದ ವಾಟರ್‌ಲೂ ಉದ್ಯಾನ 2021ರಲ್ಲಿ ಹೊಸ ರೂಪದಲ್ಲಿ ತೆರೆದಿದೆ. ಒಂದು ಚಮಚ ಹಳ್ಳದ ನೀರಿನಲ್ಲಿ ಏನಿದೆಯೆಂದು ನೋಡುವ ಕುತೂಹಲ, ಸಿಕ್ಕಿದ್ದನ್ನು ಜೋಪಾನವಾಗಿ ಕಾಯ್ದಿಡುವ ಶಿಸ್ತು, ಇವೆರಡೂ ಇಲ್ಲದಿದ್ದರೆ ಆ ಒಂದಕ್ಷರದ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು.