ಹೊಲಿಗೆಯ ಕೆಳಗೆ ಅಡಗಿದ್ದ ಪುಸ್ತಕ



ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ನಮಗೆ ಅಪ್ಪಣೆಯಾದಾಗ, ಇದೇ ಶಾಲೆಯಲ್ಲಿ ಓದಿ, ತರುವಾಯ ಇಲ್ಲಿಯೇ ಬಹುಕಾಲ ಇತಿಹಾಸವನ್ನು ಕಲಿಸಿದ ನಾವು, ಯಾವ ನೆನಪನ್ನು ಬರೆಯುವುದೆಂದು ಕೆಲವು ದಿನ ಯೋಚಿಸಿದೆವು. ಕಡೆಗೆ ಒಂದು ತಪ್ಪನ್ನು ಒಪ್ಪಿಕೊಳ್ಳುವುದೇ ಲೇಸೆಂದು ತೋರಿತು.

ನಾವು ಏಳನೆಯ ತರಗತಿಯಲ್ಲಿದ್ದಾಗ ಇತಿಹಾಸದ ಪಾಠವೆಂದರೆ ನಮಗೆ ಅತ್ಯಂತ ಬೇಸರ. ಅರಸರ ಹೆಸರು, ಯುದ್ಧಗಳ ಇಸವಿ, ಒಪ್ಪಂದಗಳ ಪಟ್ಟಿ, ಇವುಗಳಿಂದ ಏನು ಪ್ರಯೋಜನವೆಂದು ನಮ್ಮ ಮನಸ್ಸು ಕೇಳುತ್ತಿತ್ತು. ಆದಕಾರಣ ಮೇಜಿನ ಮೇಲೆ ಇತಿಹಾಸದ ಪುಸ್ತಕವನ್ನು ಬಿಚ್ಚಿ ನಿಲ್ಲಿಸಿ, ಅದರ ಮರೆಯಲ್ಲಿ ಮಡಿಲಿನೊಳಗೆ ಕಸೂತಿಯ ಬಟ್ಟೆಯನ್ನಿಟ್ಟುಕೊಂಡು ಹೊಲಿಯುತ್ತಿದ್ದೆವು. ಒಂದು ದಿನ ಉಪಾಧ್ಯಾಯಿನಿಯವರು ಸದ್ದಿಲ್ಲದೆ ಹಿಂದೆ ಬಂದು ನಿಂತರು. ಹೊಡೆಯುವರೆಂದು ನಡುಗಿದೆವು. ಆದರೆ ಅವರು, "ಕಸೂತಿ ಚೆನ್ನಾಗಿದೆ ಮಗೂ. ಇದನ್ನೂ ಬಚ್ಚಿಡಬೇಕಾಗಿಲ್ಲ, ಅದನ್ನೂ ಬಚ್ಚಿಡಬೇಕಾಗಿಲ್ಲ. ಎರಡನ್ನೂ ಬೆಳಕಿನಲ್ಲಿ ಕಲಿಯುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ," ಎಂದಷ್ಟೇ ಹೇಳಿ ಮುಂದೆ ಹೋದರು. ಆ ಮಾತಿನ ಅರ್ಥ ಅಂದು ನಮಗೆ ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾವೇ ಆ ಪೀಠದಲ್ಲಿ ನಿಂತು ಎರಡನೆಯ ಮಹಾಯುದ್ಧವನ್ನು ಕಲಿಸಬೇಕಾಗಿ ಬಂದು, ಪೋಲೆಂಡ್ ದೇಶದ ವೃತ್ತಾಂತವನ್ನು ಓದಿದಾಗ ಆಯಿತು. ಆ ವೃತ್ತಾಂತವನ್ನೇ ಇಲ್ಲಿ ತಮ್ಮ ಮುಂದಿಡುತ್ತೇವೆ.

1939ನೆಯ ಇಸವಿ ಸೆಪ್ಟೆಂಬರ್ 1ರಂದು ಜರ್ಮನಿಯ ಸೈನ್ಯವು ಪೋಲೆಂಡಿನ ಮೇಲೆ ಬಿದ್ದಿತು. ಅದೇ ತಿಂಗಳ 17ರಂದು ಪೂರ್ವದಿಕ್ಕಿನಿಂದ ಸೋವಿಯತ್ ಸೈನ್ಯವು ನುಗ್ಗಿತು. ತಿಂಗಳು ಕಳೆಯುವುದರೊಳಗೆ ರಾಜಧಾನಿಯಾದ ವಾರ್ಸಾ ಶರಣಾಯಿತು. ಜರ್ಮನರು ಗೆದ್ದ ಭಾಗದಲ್ಲಿ ಪಶ್ಚಿಮದ ಪ್ರಾಂತಗಳನ್ನು ತಮ್ಮ ರಾಷ್ಟ್ರಕ್ಕೇ ಸೇರಿಸಿಕೊಂಡು, ಉಳಿದುದಕ್ಕೆ ಹಾನ್ಸ್ ಫ್ರಾಂಕ್ ಎಂಬಾತನನ್ನು ಅಧಿಪತಿಯನ್ನಾಗಿ ಮಾಡಿದರು. ಆತನು ಕ್ರಾಕೋವ್ ನಗರದಲ್ಲಿ ಪೋಲೆಂಡಿನ ಪುರಾತನ ಅರಸರ ಕೋಟೆಯಲ್ಲಿಯೇ ಬಂದು ನೆಲಸಿದನು.

ಆ ಕ್ರಾಕೋವ್ ನಗರದಲ್ಲಿ 1364ರಲ್ಲಿ ಸ್ಥಾಪಿತವಾದ ಯಾಗಿಯೆಲ್ಲೋನಿಯನ್ ವಿಶ್ವವಿದ್ಯಾನಿಲಯವಿದೆ. 1939ರ ನವೆಂಬರ್ 6ರಂದು ಅಲ್ಲಿನ ಪ್ರಾಧ್ಯಾಪಕರೆಲ್ಲರೂ ಸಭಾಮಂದಿರಕ್ಕೆ ಬರಬೇಕೆಂದೂ, ವಿದ್ಯಾಭ್ಯಾಸದ ವಿಷಯದಲ್ಲಿ ಜರ್ಮನ್ ಸರಕಾರದ ಅಭಿಪ್ರಾಯವೇನೆಂಬುದನ್ನು ಒಬ್ಬ ಅಧಿಕಾರಿಯು ಉಪನ್ಯಾಸರೂಪವಾಗಿ ತಿಳಿಸುವನೆಂದೂ ಕರೆ ಬಂದಿತು. ವೃದ್ಧರಾದ ಪಂಡಿತರೂ ಸಹ ಬಂದು ಕುಳಿತರು. ಉಪನ್ಯಾಸವೇನೂ ನಡೆಯಲಿಲ್ಲ. ಕೆಲವೇ ಮಾತುಗಳಲ್ಲಿ ಅವರೆಲ್ಲರನ್ನೂ ಅಪರಾಧಿಗಳೆಂದು ಸಾರಿ, 183 ಮಂದಿಯನ್ನು ಸೆರೆಹಿಡಿದು ಕೊಂಡೊಯ್ದರು. ಹೆಚ್ಚಿನವರನ್ನು ಜಾಕ್ಸನ್‌ಹೌಸನ್ ಎಂಬ ಸೆರೆಶಿಬಿರಕ್ಕೆ ಕಳುಹಿಸಲಾಯಿತು. ಆ ಚಳಿಗಾಲದಲ್ಲಿ ಹಲವರು ಅಲ್ಲಿಯೇ ಪ್ರಾಣಬಿಟ್ಟರು. ನಾನಾ ದೇಶಗಳ ವಿದ್ವಾಂಸರು ಪ್ರತಿಭಟಿಸಿದ ಮೇಲೆ, 1940ರ ಫೆಬ್ರುವರಿಯಲ್ಲಿ ನಾಲ್ವತ್ತು ವರ್ಷ ಮೀರಿದ ಸುಮಾರು ನೂರು ಮಂದಿಯನ್ನು ಬಿಟ್ಟರು.

ಇದರ ಹಿಂದಿದ್ದ ಆಲೋಚನೆಯನ್ನು ಹಿಮ್ಲರ್ ಎಂಬ ನಾಯಕನು 1940ರ ಮೇ ತಿಂಗಳಲ್ಲಿ ಒಂದು ಬರಹದಲ್ಲಿ ಸ್ಪಷ್ಟಪಡಿಸಿದನು. ಪೂರ್ವದೇಶಗಳ ಜರ್ಮನರಲ್ಲದ ಮಕ್ಕಳಿಗೆ ನಾಲ್ಕು ತರಗತಿಗಳ ಶಾಲೆಯೇ ಸಾಕೆಂದೂ, ಐನೂರರವರೆಗೆ ಲೆಕ್ಕ, ತಮ್ಮ ಹೆಸರನ್ನು ಬರೆಯುವುದು, ಜರ್ಮನರಿಗೆ ವಿಧೇಯರಾಗಿರುವುದೇ ದೈವಾಜ್ಞೆಯೆಂಬ ಬೋಧೆ, ಇಷ್ಟು ಇದ್ದರಾಯಿತೆಂದೂ, ಓದಲು ಕಲಿಯುವುದು ಅವಶ್ಯವಿಲ್ಲವೆಂದೂ ಅದರ ತಾತ್ಪರ್ಯ.

ಇದನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ನಮ್ಮ ಅಜ್ಜಿಯವರನ್ನು ನಾಲ್ಕನೆಯ ತರಗತಿ ಮುಗಿದೊಡನೆ ಶಾಲೆಯಿಂದ ಬಿಡಿಸಿದ್ದರು. ಹೆಣ್ಣುಮಗುವಿಗೆ ಹೆಸರು ಬರೆಯಲು ಬಂದರೆ ಸಾಕೆಂದು ಹಿರಿಯರ ಮತ. ಅಜ್ಜಿಯವರು ಮುಪ್ಪಿನವರೆಗೂ ಅಂಗಡಿಯಿಂದ ಬಂದ ದಿನಸಿಯ ಪೊಟ್ಟಣಗಳನ್ನು ಜೋಪಾನವಾಗಿ ಬಿಡಿಸಿ, ಕಾಗದವನ್ನು ಅಂಗೈಯಿಂದ ನೀವಿ, ಅದರಲ್ಲಿದ್ದುದನ್ನು ಒಲೆಯ ಬೆಳಕಿನಲ್ಲಿ ಓದುತ್ತಿದ್ದರು. ಇವೆರಡೂ ಒಂದೇ ಎಂದು ನಾವು ಹೇಳುವುದಿಲ್ಲ. ನಮ್ಮ ಹಿರಿಯರು ಮಗಳನ್ನು ದ್ವೇಷಿಸಿದವರಲ್ಲ, ರೂಢಿಗೆ ಕಟ್ಟುಬಿದ್ದವರು. ಅಲ್ಲಿಯಾದರೋ ಒಂದು ಜನಾಂಗವನ್ನೇ ಕೂಲಿಯಾಳುಗಳನ್ನಾಗಿ ಮಾಡುವ ಸಂಕಲ್ಪ. ಆದರೂ ನಾಲ್ಕನೆಯ ತರಗತಿಯೆಂಬ ಆ ಗೆರೆಯನ್ನು ಬೇರೊಂದು ದೇಶದ ಚರಿತ್ರೆಯಲ್ಲಿ ಕಂಡಾಗ ನಮ್ಮ ಎದೆ ನೊಂದಿತು.

ಆ ಸಂಕಲ್ಪದಂತೆ ಹೈಸ್ಕೂಲುಗಳೂ ವಿಶ್ವವಿದ್ಯಾನಿಲಯಗಳೂ ಮುಚ್ಚಲ್ಪಟ್ಟವು. ಜರ್ಮನಿಗೆ ಸೇರಿಸಿದ ಪ್ರಾಂತಗಳಲ್ಲಿ ಪೋಲಿಷ್ ಭಾಷೆಯ ಶಾಲೆಗಳೇ ಇಲ್ಲವಾದವು. ಉಳಿದೆಡೆ ಪ್ರಾಥಮಿಕ ಶಾಲೆಗಳಿಗೂ ಕಸುಬಿನ ಶಾಲೆಗಳಿಗೂ ಮಾತ್ರ ಅನುಮತಿಯಿದ್ದಿತು. ಅವುಗಳಲ್ಲಿಯೂ ದೇಶದ ಚರಿತ್ರೆ, ಭೂಗೋಳ, ಸಾಹಿತ್ಯ ಇವುಗಳನ್ನು ಕಲಿಸಕೂಡದು. ಪಠ್ಯಪುಸ್ತಕಗಳನ್ನು ಕಸಿದುಕೊಂಡರು. ಪೋಲರು ರೇಡಿಯೋ ಇಟ್ಟುಕೊಳ್ಳಬಾರದೆಂದರು. ಶೋಪಾನ್ ಎಂಬ ಸಂಗೀತಗಾರನು ಆ ಜನರಿಗೆ ಪ್ರಾಣಸಮಾನನು. ಆತನ ಕೃತಿಗಳನ್ನು ನುಡಿಸುವುದನ್ನು ನಿಷೇಧಿಸಿ, ವಾರ್ಸಾ ನಗರದ ಉದ್ಯಾನದಲ್ಲಿದ್ದ ಆತನ ಕಂಚಿನ ವಿಗ್ರಹವನ್ನು 1940ರ ಮೇ 31ರಂದು ಸಿಡಿಮದ್ದಿಟ್ಟು ಉರುಳಿಸಿದರು. ಜನರು ಕಿಟಕಿಗಳನ್ನು ಮುಚ್ಚಿಕೊಂಡು ಮನೆಗಳಲ್ಲಿ ಆತನ ಸಂಗೀತವನ್ನು ಕೇಳತೊಡಗಿದರು.

ಶಾಲೆಯೂ ಹಾಗೆಯೇ ಮನೆಗಳೊಳಕ್ಕೆ ಹೋಯಿತು. ಆ ದೇಶದವರಿಗೆ ಇದು ಹೊಸದಾಗಿರಲಿಲ್ಲ. 1795ರಿಂದ 1918ರವರೆಗೆ ಅವರ ರಾಜ್ಯವನ್ನು ನೆರೆಯ ಮೂವರು ಚಕ್ರವರ್ತಿಗಳು ಹಂಚಿಕೊಂಡಿದ್ದರಷ್ಟೆ. ರಷ್ಯನರ ಆಳಿಕೆಯಲ್ಲಿದ್ದ ವಾರ್ಸಾ ನಗರದಲ್ಲಿ ಹೆಂಗಸರಿಗೆ ವಿಶ್ವವಿದ್ಯಾನಿಲಯದ ಪ್ರವೇಶವಿಲ್ಲದಿದ್ದಾಗ, 1880ರ ದಶಕದಲ್ಲಿ ಅವರು ಮನೆಯಿಂದ ಮನೆಗೆ ಸ್ಥಳ ಬದಲಾಯಿಸುತ್ತಿದ್ದ ಒಂದು ಗುಪ್ತ ವಿದ್ಯಾಪೀಠವನ್ನು ನಡೆಸಿದರು. ಅದಕ್ಕೆ ಹಾರುವ ವಿಶ್ವವಿದ್ಯಾನಿಲಯವೆಂದು ಹೆಸರು. ಅಲ್ಲಿ ಕಲಿತವರಲ್ಲಿ ಮಾರಿಯಾ ಸ್ಕ್ಲೊಡೊವ್ಸ್ಕಾ ಎಂಬ ಯುವತಿಯೂ ಒಬ್ಬಳು. ಎರಡು ಸಲ ನೊಬೆಲ್ ಪಾರಿತೋಷಕವನ್ನು ಪಡೆದ ಮೇಡಂ ಕ್ಯೂರಿಯವರೇ ಆಕೆ. ಭೂಪಟದಲ್ಲಿ ತಮ್ಮ ದೇಶವೇ ಇಲ್ಲದಿದ್ದ 1898ರಲ್ಲಿ ಅವರು ತಾವು ಕಂಡುಹಿಡಿದ ಮೂಲವಸ್ತುವಿಗೆ ಪೊಲೋನಿಯಂ ಎಂದು ತಮ್ಮ ನಾಡಿನ ಹೆಸರನ್ನೇ ಇಟ್ಟರು.

ಆ ಅಭ್ಯಾಸವಿದ್ದುದರಿಂದಲೇ 1939ರ ಅಕ್ಟೋಬರ್ ತಿಂಗಳಲ್ಲಿ, ವಾರ್ಸಾ ಶರಣಾಗಿ ಕೆಲವೇ ವಾರಗಳಾಗಿರುವಾಗ, ಚೆಸ್ವಾಫ್ ವಿಟ್ಸೆಖ್ ಮೊದಲಾದ ಉಪಾಧ್ಯಾಯರು ಸೇರಿ ಗುಪ್ತ ಅಧ್ಯಾಪಕರ ಸಂಘವನ್ನು ಕಟ್ಟಿದರು. ಐದಾರು ಅಥವಾ ಎಂಟು ಹತ್ತು ಮಕ್ಕಳ ಚಿಕ್ಕ ಗುಂಪುಗಳಾದವು. ಮಕ್ಕಳು ಗುಂಪುಗೂಡಿ ಬರುವಂತಿರಲಿಲ್ಲ. ಒಬ್ಬೊಬ್ಬರಾಗಿ, ನಡುವೆ ಸ್ವಲ್ಪ ಹೊತ್ತು ಬಿಟ್ಟು, ಸಾಮಾನು ತರಲು ಹೋಗುವವರಂತೆ ಬರಬೇಕು. ಇಂದು ಒಬ್ಬರ ಅಡಿಗೆಮನೆ, ನಾಳೆ ಇನ್ನೊಬ್ಬರ ಮಲಗುವ ಕೋಣೆ. ಅಲ್ಲಿ ಹಾಜರಿ ಪುಸ್ತಕವಿಲ್ಲ, ಗಂಟೆಯಿಲ್ಲ. ಒಂದೇ ಪುಸ್ತಕವನ್ನು ಎಷ್ಟೋ ಮಂದಿ ಸರದಿಯಂತೆ ಓದಬೇಕು.

ಕಸುಬಿನ ಶಾಲೆಗಳಿಗೆ ಅನುಮತಿಯಿದ್ದುದು ಅನುಕೂಲವಾಯಿತು. ಹೊರಗಿನ ಬಾಗಿಲಿಗೆ ಹೊಲಿಗೆಯ ಶಾಲೆಯೆಂಬ ಹೆಸರು. ಒಳಗೆ ಹೈಸ್ಕೂಲಿನ ಪಾಠ. ಬಾಲಿಕೆಯರು ಕೈಯಲ್ಲಿ ಹೊಲಿಗೆಯನ್ನು ಹಿಡಿದು ಚರಿತ್ರೆಯನ್ನು ಕಲಿಯುತ್ತಿದ್ದರು. ಬಾಗಿಲಲ್ಲಿ ಬೂಟಿನ ಸಪ್ಪಳವಾದರೆ ಪುಸ್ತಕವು ಬಟ್ಟೆಯ ಕೆಳಗೆ ಹೋಗಬೇಕು. ನಮ್ಮ ಮೇಜಿನ ಮೇಲೆ ಇತಿಹಾಸವಿದ್ದಿತು, ಅದರ ಮರೆಯಲ್ಲಿ ಕಸೂತಿ ಇದ್ದಿತು. ಅವರದು ಇದಕ್ಕೆ ತಿರುಗುಮುರುಗು. ನಾವು ಸಿಕ್ಕಿಬಿದ್ದಾಗ ದೊರೆತುದು ಒಂದು ಮೆಲುನುಡಿ. ಅವರು ಸಿಕ್ಕಿಬಿದ್ದರೆ ಸೆರೆಮನೆ, ಸೆರೆಶಿಬಿರ, ಕೆಲವೊಮ್ಮೆ ಮರಣ. ಆ ಯುದ್ಧದಲ್ಲಿ ಪೋಲೆಂಡಿನ ಸಾವಿರಾರು ಮಂದಿ ಉಪಾಧ್ಯಾಯರು ಹತರಾದರೆಂಬುದನ್ನು ಮರೆಯಬಾರದು.

ಇಷ್ಟಾಗಿಯೂ 1944ರ ಹೊತ್ತಿಗೆ ಗುಪ್ತವಾಗಿ ಹೈಸ್ಕೂಲು ಪಾಠಗಳನ್ನು ಕಲಿಯುತ್ತಿದ್ದವರ ಸಂಖ್ಯೆ ಅಂದಾಜು 1,00,000ಕ್ಕೆ ಮುಟ್ಟಿತ್ತು. ಮನೆಗಳಲ್ಲಿಯೇ ಪರೀಕ್ಷಾಮಂಡಲಿಗಳು ಕುಳಿತು ಪರೀಕ್ಷೆಗಳನ್ನು ನಡೆಸಿದವು. ಯುದ್ಧ ಮುಗಿದ ಮೇಲೆ ಆ ಪರೀಕ್ಷೆಗಳನ್ನು ಸರಕಾರವು ವಿಚಾರಿಸಿ ಮಾನ್ಯಮಾಡಿತು. ವಿಶ್ವವಿದ್ಯಾನಿಲಯಗಳೂ ಹೀಗೆಯೇ ನಡೆದವು. ಪ್ರಾಧ್ಯಾಪಕರನ್ನು ಸೆರೆಹಿಡಿದಿದ್ದ ಆ ಕ್ರಾಕೋವ್ ನಗರದಲ್ಲಿಯೇ 1942ರಿಂದ ಗುಪ್ತ ತರಗತಿಗಳು ಆರಂಭವಾದವು. ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ಕೂಲಿ ಮಾಡುತ್ತಿದ್ದ ಕಾರೊಲ್ ವೊಯ್ಟಿವಾ ಎಂಬ ತರುಣನು, 1941ರಿಂದ ಗೆಳೆಯರೊಡನೆ ಮನೆಗಳಲ್ಲಿ ಗುಟ್ಟಾಗಿ ತನ್ನ ಭಾಷೆಯ ನಾಟಕಗಳನ್ನು ಆಡಿ, 1942ರಲ್ಲಿ ಗುಪ್ತವಾಗಿ ದೇವಶಾಸ್ತ್ರದ ವ್ಯಾಸಂಗಕ್ಕೆ ಸೇರಿದನು. 1978ರಲ್ಲಿ ಆತನೇ ಎರಡನೆಯ ಜಾನ್ ಪಾಲ್ ಎಂಬ ಹೆಸರಿನಿಂದ ಪೋಪರಾದನು. 1986ರ ಫೆಬ್ರುವರಿಯಲ್ಲಿ ಅವರು ನಮ್ಮ ಮಂಗಳೂರಿಗೆ ಬಂದಿದ್ದುದನ್ನು ಈ ಸಂಚಿಕೆಯ ಓದುಗರಲ್ಲಿ ಕೆಲವರು ಬಲ್ಲಿರಿ. ಬಚ್ಚಿಟ್ಟ ಶಾಲೆಯೊಂದರ ವಿದ್ಯಾರ್ಥಿಯೊಬ್ಬರು ಅಂದು ನಮ್ಮ ನೆಲದ ಮೇಲೆ ನಿಂತಿದ್ದರು.

ಸೆರೆಶಿಬಿರದೊಳಗೂ ಈ ವಿದ್ಯಾದಾನ ನಿಲ್ಲಲಿಲ್ಲ. ರಾವೆನ್ಸ್‌ಬ್ರುಕ್ ಎಂಬುದು ಹೆಂಗಸರ ಶಿಬಿರ. ಅಲ್ಲಿ 1943ರಿಂದ 1945ರವರೆಗೆ ಸೆರೆಯಲ್ಲಿದ್ದ ಕರೊಲಿನಾ ಲಾಂಟ್ಸ್ಕೊರೊನ್ಸ್ಕಾ ಎಂಬ ವಿದುಷಿಯವರು ಜೊತೆಯ ಸೆರೆಯಾಳುಗಳಿಗೆ ಕಲೆಯ ಇತಿಹಾಸವನ್ನು ಬೋಧಿಸಿದರು. ಚಿತ್ರವಿಲ್ಲ, ಪುಸ್ತಕವಿಲ್ಲ, ಇದ್ದುದು ಜ್ಞಾಪಕಶಕ್ತಿ ಮಾತ್ರ. ಹಸಿದ ಹೆಂಗಸರು ಕಾಣದ ಚಿತ್ರಗಳನ್ನು ಕಿವಿಯಿಂದಲೇ ಕಂಡರು. ಬೇರೆ ಉಪಾಧ್ಯಾಯಿನಿಯರು ಅಲ್ಲಿದ್ದ ಎಳೆಯ ಹುಡುಗಿಯರಿಗೆ ಶಾಲೆಯ ಪಾಠಗಳನ್ನು ಕಲಿಸಿದರು.

ಯೆಹೂದ್ಯರ ಪಾಡು ಇವರೆಲ್ಲರಿಗಿಂತಲೂ ಕಠೋರವಾದುದು. 1940ರ ನವೆಂಬರಿನಲ್ಲಿ ವಾರ್ಸಾ ನಗರದ ಒಂದು ಭಾಗಕ್ಕೆ ಗೋಡೆ ಕಟ್ಟಿ ಸುಮಾರು 4,00,000 ಯೆಹೂದ್ಯರನ್ನು ಒಳಗೆ ಕೂಡಿಹಾಕಿದರು. ಅಲ್ಲಿಯೂ ಗುಪ್ತ ಶಾಲೆಗಳು ನಡೆದವು. ಅಲ್ಲಿ ಎಮಾನುವೆಲ್ ರಿಂಗೆಲ್‌ಬ್ಲೂಮ್ ಎಂಬ ಚರಿತ್ರಕಾರರು ಸಂಗಡಿಗರೊಡನೆ ಆ ದಿನಗಳ ಕಾಗದಪತ್ರಗಳನ್ನೂ ಮಕ್ಕಳ ಬರಹಗಳನ್ನೂ ಸಂಗ್ರಹಿಸಿದರು. 1942ರ ಆಗಸ್ಟಿನಲ್ಲಿ, ಜನರನ್ನು ರೈಲುಗಳಲ್ಲಿ ತುಂಬಿ ಕೊಲೆಶಿಬಿರಕ್ಕೆ ಸಾಗಿಸುತ್ತಿದ್ದಾಗ, ಇಸ್ರೇಲ್ ಲಿಖ್ಟೆನ್‌ಸ್ಟೈನ್ ಎಂಬ ಉಪಾಧ್ಯಾಯರು ಇಬ್ಬರು ಹಳೆಯ ವಿದ್ಯಾರ್ಥಿಗಳ ಸಹಾಯದಿಂದ ಆ ಸಂಗ್ರಹದ ಮೊದಲ ಭಾಗವನ್ನು ಹತ್ತು ಲೋಹದ ಪೆಟ್ಟಿಗೆಗಳಲ್ಲಿಟ್ಟು ಹೂಳಿದರು. ಹೂಳಿದ ಸ್ಥಳ ಒಂದು ಶಾಲೆಯ ನೆಲದಡಿ. ಆ ಮೂವರಲ್ಲಿ ಒಬ್ಬರೂ ಯುದ್ಧದ ಕೊನೆಯನ್ನು ಕಾಣಲಿಲ್ಲ. 1946ರ ಸೆಪ್ಟೆಂಬರಿನಲ್ಲಿ ಪಾಳುಬಿದ್ದ ಇಟ್ಟಿಗೆಗಳ ರಾಶಿಯನ್ನು ಅಗೆದಾಗ ಆ ಪೆಟ್ಟಿಗೆಗಳು ದೊರೆತವು. ಹೂಳಿದವರು ಹೋದರು, ಬರೆದುದು ಉಳಿಯಿತು.

ಇದೆಲ್ಲವನ್ನೂ ನಾವು ಮಕ್ಕಳಿಗೆ ಹೇಳಿದ ದಿನ, ಕಡೆಯ ಸಾಲಿನ ಒಬ್ಬ ಹುಡುಗಿಯು ಎದ್ದುನಿಂತು, "ಟೀಚರಮ್ಮಾ, ಅಷ್ಟು ಕಷ್ಟದಲ್ಲಿ ಅವರು ಇತಿಹಾಸವನ್ನೇ ಏಕೆ ಕಲಿತರು? ಅದರಿಂದ ರೊಟ್ಟಿ ಸಿಕ್ಕುತ್ತಿತ್ತೇ?" ಎಂದು ಕೇಳಿದಳು. ಅದು ನಮ್ಮದೇ ಹಳೆಯ ಪ್ರಶ್ನೆ. ರೊಟ್ಟಿ ಸಿಕ್ಕುತ್ತಿರಲಿಲ್ಲವೆಂದು ಒಪ್ಪಿದೆವು. ಆದರೆ, ನೀನು ಆಳಾಗಲೆಂದೇ ಹುಟ್ಟಿದವಳೆಂದು ಒಬ್ಬನು ದಿನವೂ ಹೇಳುತ್ತಿರುವಾಗ, ನಿನ್ನವರು ಯಾರು, ಅವರು ಏನು ಹಾಡಿದರು, ಏನು ಕಟ್ಟಿದರು ಎಂಬುದನ್ನು ನೀನು ಅರಿತಿದ್ದರೆ ಅವನ ಮಾತು ಸುಳ್ಳೆಂದು ನಿನಗೆ ಗೊತ್ತಿರುತ್ತದೆ ಎಂದೆವು. ಆ ಹುಡುಗಿ ತಲೆಯಾಡಿಸಿ ಕುಳಿತಳು. ನಮ್ಮ ಅಜ್ಜಿಯವರು ಹರಿದ ಪೊಟ್ಟಣಗಳಲ್ಲಿ ಏನನ್ನು ಹುಡುಕುತ್ತಿದ್ದರೆಂಬುದು ಆ ಉತ್ತರವನ್ನು ಕೊಡುತ್ತಿರುವಾಗಲೇ ನಮಗೂ ತಿಳಿಯಿತು.

ಪೋಷಕ ಮಹನೀಯರೇ, ತಮ್ಮ ಮಗಳು ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಡುವಾಗ ಬೀದಿಯಲ್ಲಿ ಯಾರಿಗೂ ಅಂಜಬೇಕಾಗಿಲ್ಲ. ಅವಳ ಪುಸ್ತಕವನ್ನು ಯಾರೂ ಕಸಿದುಕೊಳ್ಳುವುದಿಲ್ಲ. ನಡುವೆ ಓದು ಬಿಡಿಸಬೇಕೆಂಬ ಮಾತು ಮನೆಯಲ್ಲಿ ಎಂದಾದರೂ ಬಂದರೆ, ದಯಮಾಡಿ ಆ ಹೊಲಿಗೆಯ ಶಾಲೆಯ ಬಾಲಿಕೆಯರನ್ನು ಒಮ್ಮೆ ನೆನೆಯಿರಿ. ಪೂರ್ವವಿದ್ಯಾರ್ಥಿನಿಯರೇ, ನಮ್ಮ ಉಪಾಧ್ಯಾಯಿನಿಯವರು ಈಗಿಲ್ಲ. ಅವರಿಗೆ ಆಗ ಹೇಳಬೇಕಾಗಿದ್ದ ಕ್ಷಮಾಪಣೆಯನ್ನು ಇಷ್ಟು ತಡವಾಗಿ ತಮ್ಮೆಲ್ಲರ ಸಮಕ್ಷಮದಲ್ಲಿ ಹೇಳಿಕೊಂಡಿದ್ದೇವೆ. ಅಂದು ಅರ್ಧಕ್ಕೆ ನಿಲ್ಲಿಸಿದ ಆ ಕಸೂತಿಯ ಬಟ್ಟೆ ಇಂದಿಗೂ ನಮ್ಮ ಪೆಟ್ಟಿಗೆಯಲ್ಲಿದೆ. ಇತಿಹಾಸದ ಪುಸ್ತಕವನ್ನು ಅದರ ಮೇಲೆಯೇ ಇಟ್ಟಿದ್ದೇವೆ.