ಕಲ್ಲಟ್ಟಿ ಹತ್ತುವ ಮೊದಲು

ಮಸಿನಗುಡಿಯ ಪೇಟೆಬೀದಿಯಲ್ಲಿ ಮಧ್ಯಾಹ್ನದ ಬಿಸಿಲು. ಚಹಾ ಅಂಗಡಿಯ ಬೆಂಚಿನ ಮೇಲೆ ಮೂರು ಸಾಮಾನು ಹರಡಿಕೊಂಡು ಕೂತಿದ್ದೇವೆ: ಅಕ್ಕನ ಮಗಳ ಫೋನು, ಅವಳ ಡೈವ್ ಕಂಪ್ಯೂಟರ್, ಸಿಲಿಂಡರಿನ ರೆಗ್ಯುಲೇಟರಿನಿಂದ ಬಿಚ್ಚಿ ತಂದ ಕಪ್ಪು ಟ್ರಾನ್ಸ್‌ಮಿಟರ್. ಎದುರಿಗೆ ಸಫಾರಿ ಜೀಪುಗಳ ಸಾಲು, ಅವುಗಳ ಹಿಂದೆ ನೀಲಗಿರಿಯ ಗೋಡೆ.

"ಮಾವಾ, ಮತ್ತೆ ಅದೇ. ಹುಡುಕ್ತಾನೇ ಇದೆ, ಸಿಗ್ತಾ ಇಲ್ಲ."

ಬಂಡೀಪುರದ ಕಾಡಿನುದ್ದಕ್ಕೂ ಅವಳು ಇದನ್ನೇ ಮಾಡುತ್ತ ಬಂದಿದ್ದಾಳೆ. ತೆಪ್ಪಕಾಡಿನಲ್ಲಿ ಮೋಯಾರ್ ಸೇತುವೆ ದಾಟುವಾಗಲೂ ತಲೆ ಎತ್ತಲಿಲ್ಲ. ಅಲ್ಲಿ ಸಿಗ್ನಲ್ ಇರಲಿಲ್ಲ, ಆಪ್ ಲಾಗಿನ್ ಕೇಳಿ ನಿಂತುಬಿಟ್ಟಿತು. ಕಂಪ್ಯೂಟರಿನಿಂದ ಫೋನಿಗೆ ಬರುವ ಬ್ಲೂಟೂತಿಗೆ ಟವರ್ ಬೇಕಿಲ್ಲ. ಬೇಕಾಗುವುದು ಫೋನಿನಿಂದ ಆಚೆಗೆ. ಈಗ ಸಿಗ್ನಲ್ ಇದೆ, ಲಾಗಿನ್ ಆಗಿದೆ, ಆದರೂ ಕಂಪ್ಯೂಟರ್ ಕಾಣಿಸುತ್ತಿಲ್ಲ. ಹಾಗಾದರೆ ತೊಂದರೆ ಇರುವುದು ಈ ಬೆಂಚಿನ ಮೇಲೆಯೇ.

ನಿನ್ನೆ ಈ ಹೊತ್ತಿಗೆ ನಾವಿಬ್ಬರೂ ನೇತ್ರಾಣಿಯ ನೀರೊಳಗಿದ್ದೆವು. ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದ ನಡುಗಡ್ಡೆ ಅದು. ಎರಡನೆಯ ಡೈವಿನಲ್ಲಿ ಅವಳ ಮಣಿಕಟ್ಟಿನ ಪರದೆಯಿಂದ, ಟ್ರಾನ್ಸ್‌ಮಿಟರ್ ಕಳಿಸುವ ಸಿಲಿಂಡರಿನ ಒತ್ತಡದ ಅಂಕಿ ಆಗಾಗ ಮಾಯವಾಗಿ, ಆ ಜಾಗದಲ್ಲಿ ಬರೀ ಅಡ್ಡಗೆರೆ ಉಳಿಯುತ್ತಿತ್ತು. ಕೊಳವೆಯ ತುದಿಯಲ್ಲಿ ಮುಳ್ಳಿನ ಗೇಜ್ ಇತ್ತು, ಅದನ್ನು ನೋಡಿಕೊಂಡೇ ಮೇಲೆ ಬಂದಳು. ವೈರ್‌ಲೆಸ್ ಇದೆಯೆಂದು ಆ ಮುಳ್ಳಿನ ಗೇಜನ್ನು ಕಿತ್ತುಹಾಕುವವರನ್ನು ನಾನು ಒಪ್ಪುವುದಿಲ್ಲ. ಉಸಿರು ಎಷ್ಟು ಉಳಿದಿದೆ ಎಂಬುದನ್ನು ತಿಳಿಯಲು ಎರಡು ದಾರಿ ಇರಲೇಬೇಕು. ಅಂಕಿ ಯಾಕೆ ಹೋಯಿತೆಂದು ಹುಡುಕಲು ಲಾಗ್ ಫೋನಿಗೆ ಇಳಿಯಬೇಕು. ಅವಳ ಪರದಾಟ ಅದಕ್ಕೆ.

ನಾನು ಕಂಪ್ಯೂಟರನ್ನು ಕೈಗೆ ತೆಗೆದುಕೊಂಡು ಮೊದಲು ನೋಡುವುದು ಬೇರೆಯದನ್ನು. ಪರದೆಯ ಮೂಲೆಯಲ್ಲಿ ಪುಟ್ಟ ವಿಮಾನದ ಚಿತ್ರ, ಪಕ್ಕದಲ್ಲಿ 50 ನಿಮಿಷ.

"ಇದು ಮುಗಿಯೋವರೆಗೂ ಮೇಲೆ ಹೋಗೋದು ಬೇಡಮ್ಮ."

"ನಾವೇನು ವಿಮಾನ ಹತ್ತುತ್ತೀವಾ ಮಾವಾ?"

ಹತ್ತುವುದಿಲ್ಲ, ಆದರೆ ಹೋಗುವುದು ನಮ್ಮೂರು ಉದಕಮಂಡಲಕ್ಕೆ, 2,240 ಮೀಟರ್ ಎತ್ತರಕ್ಕೆ. ಪ್ರಯಾಣಿಕರ ವಿಮಾನದೊಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 2,440 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯಬಿಡುತ್ತಾರೆ. ಅಲ್ಲಿಗೂ ಊಟಿಗೂ ಹೆಚ್ಚು ಅಂತರವಿಲ್ಲ. ದೊಡ್ಡಬೆಟ್ಟದ ತುದಿಯಂತೂ 2,637 ಮೀಟರ್, ಆ ಮಿತಿಯನ್ನೇ ದಾಟುತ್ತದೆ. ನೀರಿನಾಳದಲ್ಲಿ ಉಸಿರಾಡುವಾಗ ಒತ್ತಡಕ್ಕೆ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ಅದು ನಿಧಾನವಾಗಿ ಹೊರಬೀಳಬೇಕು. ಅಷ್ಟರೊಳಗೆ ಊಟಿಯಂಥ, ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ ಒತ್ತಡವಿರುವ ಜಾಗಕ್ಕೆ ಹೋದರೆ ಒಳಗೇ ಗುಳ್ಳೆಗಳಾಗಿ ಕೀಲುನೋವು, ಜೋಮು, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ 2002ರಲ್ಲಿ ತಜ್ಞರನ್ನು ಸೇರಿಸಿ ಮಾಡಿಸಿದ ಸೂಚನೆ ಹೀಗಿದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಅವಳ ಕಂಪ್ಯೂಟರ್ ಇನ್ನೂ ಹುಷಾರಿ, 24 ಗಂಟೆ ಎಣಿಸುತ್ತದೆ. ರಾತ್ರಿ ಶಿವಮೊಗ್ಗದಲ್ಲಿ ಉಳಿದು ಬೆಳಿಗ್ಗೆ ಹೊರಟದ್ದೂ ಇದೇ ಲೆಕ್ಕದ ಮೇಲೆ. ಮಸಿನಗುಡಿ ಸುಮಾರು ಸಾವಿರ ಮೀಟರ್. ಇಲ್ಲಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿದರೆ ಮುಗಿಯಿತು, ಅಷ್ಟೂ ಎತ್ತರ ಒಮ್ಮೆಗೇ. ಕರಾವಳಿಯಲ್ಲಿ ಡೈವ್ ಮಾಡಿ ಅದೇ ದಿನ ಊಟಿ ಟ್ರಿಪ್ಪಿಗೆ ಗಾಡಿ ಹತ್ತುವ ಹುಡುಗರಿಗೆ ಇದನ್ನು ಯಾರಾದರೂ ದೋಣಿಯಲ್ಲೇ ಹೇಳಬೇಕು. ಫೋನಿಗೆ ಜೋಡಣೆಯಾಗಲಿ ಬಿಡಲಿ, ಈ ಅಂಕಿ ಕಂಪ್ಯೂಟರಿನ ಮುಖದ ಮೇಲೇ ಇರುತ್ತದೆ.

ಐವತ್ತು ನಿಮಿಷ ಸಿಕ್ಕಿತಲ್ಲ, ಜೋಡಣೆಯನ್ನು ನೋಡೋಣ. ಇನ್ನೆರಡು ಚಹಾ ಹೇಳುತ್ತೇನೆ.

ಪರದೆಯನ್ನು ಬಿಸಿಲಿಗೆ ಓರೆ ಮಾಡಿದರೆ ಅದು ಇನ್ನೂ ಡೈವಿಗೆ ಸಿದ್ಧವಾಗಿ ಕೂತಿರುವುದು ಕಾಣುತ್ತದೆ. ಹಿಂಬದಿಯ ಎರಡು ಲೋಹದ ಚುಕ್ಕೆಗಳ ನಡುವೆ ಬಿಳಿ ಪೊರೆ: ಒದ್ದೆ ಟವೆಲಿನಲ್ಲಿ ಸುತ್ತಿಟ್ಟಿದ್ದರಿಂದ ಕೂತ ಉಪ್ಪು. ಆ ಚುಕ್ಕೆಗಳ ನಡುವೆ ವಿದ್ಯುತ್ ಹರಿದರೆ ಕಂಪ್ಯೂಟರ್ ತಾನು ನೀರಿನಲ್ಲಿದ್ದೇನೆಂದು ತಿಳಿಯುತ್ತದೆ, ಬ್ಲೂಟೂತನ್ನು ಎಬ್ಬಿಸುವುದೇ ಇಲ್ಲ. ಬಾಟಲಿಯ ಸಿಹಿನೀರಿನಲ್ಲಿ ತೊಳೆದು, ಹಳೇ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಅಂಗಿಯ ಅಂಚಿನಲ್ಲಿ ಒರೆಸುತ್ತಾಳೆ. ಪರದೆ ಗಡಿಯಾರಕ್ಕೆ ಮರಳುತ್ತದೆ. ಮೆನುವಿನಲ್ಲಿ ಬ್ಲೂಟೂತ್ ಆನ್ ಮಾಡಿದರೆ ಅದು ಕೆಲವು ನಿಮಿಷ ಮಾತ್ರ ಎಚ್ಚರವಾಗಿರುತ್ತದೆ. ಬ್ಯಾಟರಿ ಉಳಿಸುವುದಕ್ಕೆ ಹಾಗೆ.

ಫೋನಿನ ಸೆಟ್ಟಿಂಗ್ಸಿನಲ್ಲಿ ಅವಳು ಈ ಮೊದಲೇ ಜೋಡಿಸಿಟ್ಟಿದ್ದಾಳೆ. ಹೆಚ್ಚಿನ ಮಾದರಿಗಳಿಗೆ ಅದು ಅಡ್ಡಿ. ಜೋಡಣೆ ಆಪಿನ ಒಳಗಿಂದಲೇ ನಡೆಯಬೇಕು. ಸೆಟ್ಟಿಂಗ್ಸಿನಿಂದ ಅಳಿಸುತ್ತಾಳೆ, ಕಂಪ್ಯೂಟರಿನಲ್ಲಿಯೂ ಈ ಫೋನಿನ ಹೆಸರು ತೆಗೆಯುತ್ತಾಳೆ. ಒಂದು ಕಡೆ ಅಳಿಸಿ ಇನ್ನೊಂದು ಕಡೆ ಬಿಟ್ಟರೆ ಇಬ್ಬರ ಗುರುತೂ ಹೊಂದುವುದಿಲ್ಲ. ಆಪಿನ ಅನುಮತಿಗಳಲ್ಲಿ 'ಹತ್ತಿರದ ಸಾಧನಗಳು' ಮುಚ್ಚಿದೆ, ಅದನ್ನು ತೆರೆಯುತ್ತಾಳೆ. ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹಳೆಯ ಫೋನಾದರೆ ಲೊಕೇಶನ್ ತೆರೆಯಬೇಕಾಗುತ್ತದೆ.

ಹುಡುಕಾಟ ಮತ್ತೆ ಸುತ್ತುತ್ತದೆ. ಕಂಪ್ಯೂಟರ್ 'ಜೋಡಣೆಯಾಗಿದೆ' ಎನ್ನುತ್ತಿದೆ, ಫೋನಿನಲ್ಲಿ ಮಾತ್ರ ಏನೂ ಇಲ್ಲ.

"ನಿನ್ನ ಹಳೇ ಫೋನ್ ಎಲ್ಲಿ?"

ಚೀಲದ ತಳದಲ್ಲಿದೆ, ಅದೇ ಆಪ್ ತೆರೆದೇ ಇದೆ. ಇಂಥ ಕಂಪ್ಯೂಟರುಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಫೋನಿನ ಜತೆ ಮಾತಾಡುತ್ತವೆ. ಅವಳು ಹಳೆಯ ಫೋನನ್ನು ಸ್ವಿಚ್ ಆಫ್ ಮಾಡುತ್ತಿದ್ದಂತೆ ಹೊಸದರಲ್ಲಿ ಹೆಸರು ಬರುತ್ತದೆ, ಆರು ಅಂಕಿಯ ಸಂಖ್ಯೆ ಬರುತ್ತದೆ, ಲಾಗ್ ಇಳಿಯತೊಡಗುತ್ತದೆ. ಫರ್ಮ್‌ವೇರ್ ಹೊಸದು ಹಾಕಲೇ ಎಂದು ಆಪ್ ಕೇಳುತ್ತದೆ. ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇದೆ, ಬೇಡ ಎನ್ನುತ್ತೇನೆ. ಅರ್ಧದಲ್ಲಿ ನಿಂತರೆ ಕಂಪ್ಯೂಟರೇ ಕೆಡಬಹುದು. ಈ ಜೋಡಣೆಯ ಕೆಲಸವನ್ನು ಮನೆಗೆ ಹೋಗಿ ಮಾಡೋಣವೆಂದು ನಾನು ತಳ್ಳದೆ ಇದ್ದದ್ದಕ್ಕೆ ಒಂದು ಕಾರಣವಿದೆ. ಊಟಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಜನವರಿಯ ಚಳಿಗೆ ಲಿಥಿಯಂ ಬ್ಯಾಟರಿ ಸೊರಗುತ್ತದೆ, ರೇಡಿಯೋ ಏಳುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ.

ಪರದೆಯ ಮೇಲೆ ಎರಡು ಗೆರೆ. ನೀಲಿಯದು ಆಳ, ಕೆಂಪಿನದು ಸಿಲಿಂಡರಿನ ಒತ್ತಡ. ಕೆಂಪು ಗೆರೆ ಅಲ್ಲಲ್ಲಿ ಕಡಿದಿದೆ.

"ಬ್ಲೂಟೂತ್ ಕಟ್ ಆಗಿದ್ದು ತಾನೇ ಇದು?"

ಅಲ್ಲ. ನೀರೊಳಗೆ ಬ್ಲೂಟೂತ್ ಕೆಲಸ ಮಾಡುವುದೇ ಇಲ್ಲ. ಅದರ 2.4 ಗಿಗಾಹರ್ಟ್ಸ್ ಅಲೆಯನ್ನು ಉಪ್ಪುನೀರು ಕೆಲವೇ ಸೆಂಟಿಮೀಟರಿನಲ್ಲಿ ನುಂಗುತ್ತದೆ. ನಮ್ಮೂರಿನ ಮುತ್ತೋರೈನ ಬೆಟ್ಟದಿಳಿಜಾರಿನಲ್ಲಿ 1970ರಿಂದ ನಿಂತಿರುವ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ ಸಾವಿರಾರು ಜ್ಯೋತಿರ್ವರ್ಷ ಆಚೆಯ ಪಲ್ಸಾರಿನ ಮಿಡಿತವನ್ನು ಹಿಡಿಯುತ್ತದೆ. ಅಷ್ಟು ದೂರ ಬರಬಲ್ಲ ರೇಡಿಯೋ ಅಲೆಗೆ ಒಂದು ಮಾರು ಸಮುದ್ರ ದಾಟಲಾಗದು ಎಂದಾಗ ಅವಳು ಟ್ರಾನ್ಸ್‌ಮಿಟರನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಅದಕ್ಕೇ ಇದು ಬೇರೆ ಅಲೆ ಬಳಸುತ್ತದೆ, ಹಲವು ಮಾದರಿಗಳಲ್ಲಿ 38 ಕಿಲೋಹರ್ಟ್ಸ್ ಆಸುಪಾಸಿನದು. ಅಷ್ಟು ಕೆಳಗಿನ ಅಲೆ ನೀರನ್ನು ದಾಟುತ್ತದೆ, ಆದರೆ ಒಂದು ಮೀಟರಿನಷ್ಟು ಮಾತ್ರ, ಕೆಲವು ಸೆಕೆಂಡಿಗೊಮ್ಮೆ. ಸಿಲಿಂಡರ್ ತೆರೆದು ಒತ್ತಡ ಸಿಕ್ಕಿದರಷ್ಟೇ ಅದು ಎಚ್ಚರಗೊಳ್ಳುತ್ತದೆ. ಈ ಬೆಂಚಿನ ಮೇಲೆ ಮಲಗಿದೆಯೆಂದು ಸತ್ತಿದೆ ಎನ್ನುವಂತಿಲ್ಲ.

ಹಾಗಾದರೆ ನಿನ್ನೆ ಕಡಿದದ್ದು ಯಾಕೆ? ಕ್ಯಾಮೆರಾದ ಫ್ಲ್ಯಾಷ್ ಕೂಡ ಈ ಅಲೆಯನ್ನು ಕೆಡಿಸಬಲ್ಲದು. ಅವಳು ಕ್ಯಾಮೆರಾ ತೆಗೆದು ಪ್ರತಿ ಚಿತ್ರದ ಸಮಯವನ್ನು ಗೆರೆಯ ಜತೆ ಇಟ್ಟು ನೋಡುತ್ತಾಳೆ. ಕಡಿದ ಜಾಗವೆಲ್ಲ ಚಿತ್ರ ತೆಗೆದ ಹೊತ್ತೇ. ಆದರೆ ಫ್ಲ್ಯಾಷಿನಿಂದಾದರೆ ಕ್ಷಣದಲ್ಲಿ ಸರಿಹೋಗಬೇಕು, ಇಲ್ಲಿ ಅರ್ಧ ನಿಮಿಷಕ್ಕೂ ಮೀರಿ ಅಂಕಿಯಿಲ್ಲ. ಟ್ರಾನ್ಸ್‌ಮಿಟರ್ ಇದ್ದದ್ದು ಎಡಭುಜದ ಹಿಂದೆ. ಕಂಪ್ಯೂಟರ್ ಬಲಗೈಯಲ್ಲಿ, ಆ ಕೈ ಕ್ಯಾಮೆರಾ ಹಿಡಿದು ಮುಂದಕ್ಕೆ ಚಾಚಿತ್ತು. ನಡುವೆ ಮೈ ಅಡ್ಡ, ದೂರವೂ ಮೀರಿತ್ತು.

"ಎಡಗೈಗೆ ಕಟ್ಕೋಬೇಕು," ಎನ್ನುತ್ತಾಳೆ, ನಾನು ಹೇಳುವ ಮೊದಲೇ.

"ಕಟ್ಕೊಂಡು, ದೋಣಿಯಲ್ಲೇ ಸಿಲಿಂಡರ್ ತೆರೆದು, ಚಿತ್ರ ತೆಗೆಯೋ ಹಾಗೆ ಕೈ ಚಾಚಿ ನೋಡು. ಅಂಕಿ ಮಾಯವಾಗದೆ ನಿಂತರೆ ಮಾತ್ರ ಇಳಿ. ಟ್ರಾನ್ಸ್‌ಮಿಟರಿನ ಬ್ಯಾಟರಿನೂ ಬದಲಾಯಿಸು."

ಅವಳು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ವಿಮಾನದ ಪಕ್ಕದಲ್ಲಿ ಇನ್ನೂ 11 ನಿಮಿಷ ಇದೆ. ಅಂಗಡಿಯವರಿಗೆ ಚಹಾದ ದುಡ್ಡು ಕೊಟ್ಟು, ಅಷ್ಟು ಹೊತ್ತಿನಲ್ಲಿ ಮೊದಲ ಡೈವಿನ ಲಾಗನ್ನೂ ತೆರೆಯಲು ಹೇಳುತ್ತೇನೆ. ಅದರಲ್ಲಿಯೂ ಗೆರೆ ಕಡಿದಿದ್ದರೆ ಚಿತ್ರಗಳ ಸಮಯವನ್ನು ಇನ್ನೊಮ್ಮೆ ಹೋಲಿಸಿ ನೋಡಬೇಕು.