ತಂತಿಯ ಸಾವಧಾನ

ಒಂದೇ ಸಂಸ್ಥೆಯ ಎರಡು ಕಚೇರಿಗಳಲ್ಲಿ ಒಂದು ಬೆಂಗಳೂರಿನಲ್ಲಿಯೂ ಇನ್ನೊಂದು ಅಮೆರಿಕದ ಪೂರ್ವ ತೀರದಲ್ಲಿಯೂ ಇವೆ ಎನ್ನೋಣ. ನಡುವೆ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸಬಲ್ಲ ಸಂಪರ್ಕವುಂಟು. ಆದರೂ ಕಡತವೊಂದನ್ನು ಅತ್ತ ಕಳುಹಿಸಹೊರಟರೆ ಅದು ರಥಬೀದಿಯ ತೇರಿನಂತೆ ನಿಂತು ನಿಂತು ಸಾಗುತ್ತದೆ. ಆಗ ಮೇಲಧಿಕಾರಿಗಳ ಬಾಯಿಂದ ಹೊರಡುವ ಮೊದಲ ಮಾತು, "ಸಾವಿರ ಮೆಗಾಬಿಟ್ಟಿನದನ್ನು ಕೊಂಡುಬಿಡಿ!" ಹಣವುಳ್ಳವರಿಗೆ ರೋಗ ತಿಳಿಯುವ ಮೊದಲೇ ಔಷಧ ಹೊಳೆಯುತ್ತದೆ.

ರೋಗವಿರುವುದು ಬೇರೆಡೆ. ಕಳುಹಿಸುವ ಯಂತ್ರ ಒಂದಿಷ್ಟನ್ನು ಕಳುಹಿಸಿ, 'ತಲುಪಿತು' ಎಂಬ ಮಾರುತ್ತರಕ್ಕಾಗಿ ಕಾಯುತ್ತದೆ. ಹಳೆಯ ಏರ್ಪಾಟಿನಲ್ಲಿ ಆ 'ಒಂದಿಷ್ಟು' 64 ಕಿಲೋಬೈಟನ್ನು ಮೀರದು. ಹೋಗಿಬರಲು ಸೆಕೆಂಡಿನ ಐದನೆಯ ಒಂದು ಪಾಲು ಹಿಡಿದರೆ, ಸೆಕೆಂಡಿಗೆ ಐದೇ ಸುತ್ತು. ಒಟ್ಟು ಲೆಕ್ಕ ಎರಡೂವರೆ ಮೆಗಾಬಿಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ದಾರಿಯನ್ನು ಹತ್ತು ಪಟ್ಟು ಅಗಲ ಮಾಡಿದರೂ ಊರು ಹತ್ತಿರವಾಗುವುದಿಲ್ಲವಷ್ಟೆ! ಮಾರುತ್ತರಕ್ಕೆ ಮುನ್ನ ಕಳುಹಿಸಬಹುದಾದ ಮೊತ್ತವನ್ನು ಹಿಗ್ಗಿಸಿದರೆ ಸಾಕು. ಅದಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ತಂತಿ ತಡಮಾಡಿದಾಗ ಬಲ ಹೆಚ್ಚಿಸಹೊರಡುವ ಈ ಭ್ರಮೆ ಇಂದಿನದಲ್ಲ. 1858ರ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆನ್ಷಿಯಾಕ್ಕೂ ನ್ಯೂಫೌಂಡ್‌ಲೆಂಡಿಗೂ ನಡುವೆ, ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿಯನ್ನು ಹಾಸಿ ಮುಗಿಸಿದರು. ನ್ಯೂಯಾರ್ಕಿನ ಜನ ಬಾಣಬಿರುಸು ಹಾರಿಸಿದ ರಭಸಕ್ಕೆ ಅಲ್ಲಿಯ ಪುರಭವನಕ್ಕೇ ಬೆಂಕಿ ತಗುಲಿತು. ಆದರೆ ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷ ಬ್ಯುಕ್ಯಾನನ್ನರಿಗೆ ಕಳುಹಿಸಿದ 98 ಪದಗಳ ಸಂದೇಶ ಆಚೆ ದಡ ಸೇರಲು ಸುಮಾರು 16 ಗಂಟೆ ಹಿಡಿಯಿತು. ಎರಡು ಕಡೆಯ ತಂತಿ ಗುಮಾಸ್ತರ ಹೊತ್ತೆಲ್ಲ 'ಇನ್ನೊಮ್ಮೆ ಕಳುಹಿಸಿ', 'ಇನ್ನೂ ನಿಧಾನವಾಗಿ ಕಳುಹಿಸಿ' ಎಂಬ ಬಿನ್ನಹಗಳಲ್ಲಿಯೇ ಕಳೆಯುತ್ತಿತ್ತು, ಪಾಪ.

ವಿದ್ಯುತ್ತಿನ ಉಸ್ತುವಾರಿ ವೈಲ್ಡ್‌ಮನ್ ವೈಟ್‌ಹೌಸರದು. ವೃತ್ತಿಯಿಂದ ಅವರು ಶಸ್ತ್ರವೈದ್ಯರು. ಸದ್ದು ಕೇಳದಿದ್ದರೆ ಇನ್ನೂ ಗಟ್ಟಿಯಾಗಿ ಕೂಗಬೇಕೆಂಬುದು ಅವರ ಮತ. ಅದರಂತೆ ಭಾರಿ ಸುರುಳಿಗಳಿಂದ ಸುಮಾರು 2,000 ವೋಲ್ಟಿನ ಪೆಟ್ಟುಗಳನ್ನು ತಂತಿಗೆ ಕೊಡಿಸಿದರು. ಗ್ಲಾಸ್ಗೋದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ನರಾದರೋ ತಂತಿಯ ಸ್ವಭಾವವನ್ನು ಮೊದಲೇ ಲೆಕ್ಕಹಾಕಿ ಹೇಳಿದ್ದರು. ಕಡಲಿನ ತಂತಿ ದೊಡ್ಡ ಲೋಭಿ. ತನ್ನ ಹೊಟ್ಟೆ ತುಂಬಿದ ಮೇಲೆಯೇ ಆಚೆಯವರಿಗೆ ಕೊಡುತ್ತದೆ. ಉದ್ದ ಇಮ್ಮಡಿಯಾದರೆ ತಡ ನಾಲ್ಮಡಿ. ಆದ್ದರಿಂದ ತಾಮ್ರ ದಪ್ಪನಾಗಿರಬೇಕು, ಪ್ರವಾಹ ಮೃದುವಾಗಿರಬೇಕು, ಕೇಳುವ ಕಿವಿ ಸೂಕ್ಷ್ಮವಾಗಿರಬೇಕು. ಆ ಕಿವಿಯನ್ನೂ ಅವರೇ ರಚಿಸಿದರು. ರೇಷ್ಮೆಯೆಳೆಗೆ ತೂಗಿಬಿಟ್ಟ ಪುಟ್ಟ ಕನ್ನಡಿ. ಕ್ಷೀಣ ಪ್ರವಾಹ ಬಂದರೂ ಅದು ಅಲುಗಿ, ಅದರಿಂದ ಹೊಮ್ಮಿದ ಬೆಳಕಿನ ಚುಕ್ಕೆ ಅತ್ತಿತ್ತ ಸರಿಯುವುದು.

ವೈಟ್‌ಹೌಸರಿಗೆ ಪ್ರಾಧ್ಯಾಪಕರ ಲೆಕ್ಕ ರುಚಿಸಿರಲಿಲ್ಲ. (ಪ್ರಾಧ್ಯಾಪಕರ ಲೆಕ್ಕ ಯಾರಿಗೆ ತಾನೆ ರುಚಿಸುತ್ತದೆ?) ಆಗಸ್ಟಿನಲ್ಲಿಯೇ ಅವರ ಕೆಲಸ ಹೋಯಿತು, ಮೊದಲೇ ಊನವಿದ್ದ ತಂತಿಯ ಹೊದಿಕೆಯೂ ಆ ಪೆಟ್ಟುಗಳಿಂದ ಜರ್ಜರಿತವಾಗಿ, ಸೆಪ್ಟೆಂಬರಿನಲ್ಲಿ ತಂತಿ ಮೂಕವಾಯಿತು.

ಕಣ್ಮುಚ್ಚುವ ಮುನ್ನ ಅದು ಮಾಡಿದ ಒಂದು ಕೆಲಸಕ್ಕೆ ಭಾರತದ ನಂಟುಂಟು. 1857ರ ದಂಗೆಯ ನಿಮಿತ್ತ ಕೆನಡಾದಲ್ಲಿದ್ದ ಎರಡು ಪದಾತಿ ದಳಗಳಿಗೆ ಇಂಗ್ಲೆಂಡಿಗೆ ಮರಳಲು ಆಜ್ಞೆಯಾಗಿತ್ತು. ಅವು ಬರಬೇಕಾಗಿಲ್ಲವೆಂಬ ಸುದ್ದಿಯನ್ನು ಈ ಕುಂಟು ತಂತಿಯೇ ತಲುಪಿಸಿ, ಸರ್ಕಾರಕ್ಕೆ ಹತ್ತಾರು ಸಾವಿರ ಪೌಂಡುಗಳನ್ನು ಉಳಿಸಿತು.

1866ರಲ್ಲಿ ಹಾಸಿದ ಹೊಸ ತಂತಿಯಲ್ಲಿ ತಾಮ್ರದ ತೂಕ ಮೈಲಿಗೆ ಮೊದಲಿನ ಸುಮಾರು ಮೂರು ಪಟ್ಟು. ಹಿಂದಿನ ವರ್ಷ ಕಡಲಿನಲ್ಲಿ ತುಂಡಾಗಿದ್ದ ಇನ್ನೊಂದು ತಂತಿಯನ್ನೂ ಮೇಲೆತ್ತಿ ಪೂರ್ಣಗೊಳಿಸಿದರು. ಸೆಪ್ಟೆಂಬರಿನಲ್ಲಿ ಎಂಜಿನಿಯರ್ ಲ್ಯಾಟಿಮರ್ ಕ್ಲಾರ್ಕ್ ಈ ಎರಡನ್ನೂ ನ್ಯೂಫೌಂಡ್‌ಲೆಂಡಿನ ತುದಿಯಲ್ಲಿ ಜೋಡಿಸಹೇಳಿ, ತಾವು ವ್ಯಾಲೆನ್ಷಿಯಾದಲ್ಲಿ ಕುಳಿತರು. ಅಲ್ಲಿಯ ಹೆಣ್ಣುಮಗಳೊಬ್ಬಳಿಂದ, ಹೊಲಿಯುವಾಗ ಬೆರಳಿಗೆ ತೊಡುವ ಬೆಳ್ಳಿಯ ಟೋಪಿಯನ್ನು ಎರವಲು ಪಡೆದು, ಅದರೊಳಗೆ ಕೆಲವು ಹನಿ ಆಮ್ಲ ಸುರಿದು, ಸತುವಿನ ಚೂರೊಂದನ್ನು ಇಳಿಬಿಟ್ಟರು. ಆ ಬೆರಳ ಟೋಪಿಯ ವಿದ್ಯುತ್ತು ಸಾಗರವನ್ನು ದಾಟಿ, ಮರಳಿ ದಾಟಿ, 6,000 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸವೆಸಿ ಬಂತು. ಒಂದೆರಡು ಸೆಕೆಂಡುಗಳೊಳಗೆ ಬೆಳಕಿನ ಚುಕ್ಕೆ ಮೆಲ್ಲನೆ ಪಕ್ಕಕ್ಕೆ ಸರಿಯಿತು.